ಎಡಗಡೆಯ ತಂತಿ

ಮಾರ್ಚ್ ೧೪, ಗುರುವಾರ

ಸುಟ್ಟ ಬೆರಳು ಉರಿಯುತ್ತಿದೆ, ನಿದ್ದೆ ಬರುತ್ತಿಲ್ಲ. ಅಪ್ಪ ಟಿವಿಯನ್ನು ಬೀದಿಗೆಲ್ಲ ಕೇಳುವಂತೆ ಇಡುತ್ತಾರೆಂದು ಅಮ್ಮನಿಗೆ ಸಿಟ್ಟು. ಅಂಗಡಿಯಿಂದ ತಂದ ಹೆಡ್‌ಫೋನಿನ ವೈರು ಅವರ ಕುರ್ಚಿಗೆ ಎಟುಕುವುದಿಲ್ಲ. ಅದಕ್ಕೇ ಉದ್ದದ್ದೊಂದನ್ನು ನಾನೇ ಮಾಡಲು ಕೂತೆ.

ಟಿವಿಗೆ ಚುಚ್ಚುವ ಪಿನ್ನಿನ ಮುಚ್ಚಳವನ್ನು ಬೆಸುಗೆಗೆ ಮೊದಲೇ ವೈರಿಗೆ ಪೋಣಿಸಿಕೊಳ್ಳಬೇಕು. ಎಂದಿನಂತೆ ಮರೆತು ಬೆಸುಗೆ ಹಾಕಿಬಿಟ್ಟೆ. ನನ್ನನ್ನೇ ಬೈದುಕೊಂಡು ಎಲ್ಲ ಬಿಚ್ಚಿ ಮತ್ತೆ ಹಾಕಿದೆ.

ಅಪ್ಪ ಹೆಡ್‌ಫೋನನ್ನು ಎರಡು ಗಂಟೆ ಹೊತ್ತು ಹಾಕಿಕೊಂಡು ಕೂತರು.

“ಎರಡೂ ಕಡೆ ಕೇಳ್ತಿದೆಯಾ?” ಎಂದೆ.

“ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿ ಕೇಳ್ತಿದೆ ಕಣೋ.”

ಅವರು ಮಲಗಿದ ಮೇಲೆ ಹಾಕಿಕೊಂಡು ನೋಡಿದರೆ ಎಡಗಡೆ ಸದ್ದೇ ಇಲ್ಲ. ಎರಡನೇ ಸಲ ಬೆಸೆಯುವಾಗ ಕೂದಲೆಳೆಯಂಥ ತಂತಿ ಕಿತ್ತುಬಂದಿದೆ. ಮೊದಲು ನನ್ನ ಕೈಕೆಲಸಕ್ಕೆ ನಾಚಿಕೆಯಾಯಿತು. ಆಮೇಲೆ ಹೊಳೆಯಿತು: ಅಪ್ಪನ ಎಡಗಿವಿಗೆ ಏನೂ ಕೇಳುವುದೇ ಇಲ್ಲ.

ಊಟಕ್ಕೆ ಅಮ್ಮ ಯಾವಾಗಲೂ ಅವರ ಎಡಕ್ಕೆ ಕೂರುತ್ತಾಳೆ. “ನಾನು ಮಾತಾಡಿದ್ರೆ ಗೋಡೆಗೆ ಹೇಳಿದ ಹಾಗೆ. ಬೇಕೂ ಅಂತ ಸುಮ್ಮನಿರ್ತಾರೆ,” ಎಂದು ಇವತ್ತೂ ಅಂದಳು. ಅಪ್ಪ ತಟ್ಟೆ ನೋಡಿಕೊಂಡು ಊಟ ಮಾಡುತ್ತಿದ್ದರು. ನಾನು ಅಮ್ಮನ ಜೊತೆ ಸೇರಿ ನಕ್ಕೆ. ಎಷ್ಟು ವರ್ಷದಿಂದ ಹೀಗೆ ನಗುತ್ತಿದ್ದೇನೆ?

ಎದ್ದು ನೀರು ಕುಡಿದೆ, ಮತ್ತೆ ಬಂದು ಕೂತೆ. ಆ ತಂತಿ ಬೆಸೆಯಲು ಎರಡು ನಿಮಿಷ ಸಾಕು, ಆದರೆ ಸುಟ್ಟ ಬೆರಳಲ್ಲಿ ಈ ರಾತ್ರಿ ಆಗದು. ಬೆಳಿಗ್ಗೆ ಬೆಸೆಯಲು ವೈರು ವಾಪಸ್ ಕೇಳಿದರೆ, “ಏನಾಗಿದೆ ಅದಕ್ಕೆ?” ಎಂದು ಅಪ್ಪ ಕೇಳಿಯೇ ಕೇಳುತ್ತಾರೆ.

ಹೇಳುವುದಾದರೆ ಬಲಗಡೆ ನಿಂತೇ ಹೇಳಬೇಕು.