ವಿಮಾನಕ್ಕೆ ಹಾಕಿದ ತೇಪೆ

ಡಿಸೆಂಬರ್ 2, 1968, ಸೋಮವಾರ
ಫ್ರಾಕ್ ಕತ್ತರಿಸುವುದನ್ನು ಕಲಿಸಲು ಕುಳಿತೆ, ಹೆಡ್‌ಮಾಸ್ಟರ್ ಶಿವನಂಜಪ್ಪನವರಿಂದ ಕರೆ. "ಟೀಚರ್, ರೆಕ್ಕೆ ಮತ್ತೆ ಹರಿದಿದೆ ಕಣ್ರೀ. ಸೂಜಿ ತಗೊಂಡು ಬನ್ನಿ."

ಹೋದ ವರ್ಷ ಏರ್‌ಫೋರ್ಸ್‌ನವರು ನಮ್ಮ ಹೈಸ್ಕೂಲಿನ ಮ್ಯೂಸಿಯಮ್ಮಿಗೆ ಕೊಟ್ಟ ಹಳೆಯ ವಿಮಾನ. ಮ್ಯೂಸಿಯಂ ಎಂದರೆ ಒಂದು ಕೋಣೆ. ಅದರೊಳಗೆ ಹಿಡಿಸದೆ ಬಯಲಲ್ಲಿ ನಿಂತಿದೆ. ರೆಕ್ಕೆ ಮೇಲೊಂದು ಕೆಳಗೊಂದು, ಬಟ್ಟೆಯದು, ಒಳಗೆ ಮರ. ಹುಣಸೂರಿನ ಮಾಗಿ ಇಬ್ಬನಿಗೆ ರಾತ್ರಿಯೆಲ್ಲ ನೆನೆಯುತ್ತದೆ, ಬಿಸಿಲೇರಿದರೆ ಬಿರಿಯುತ್ತದೆ. ಶೆಡ್ ಹಾಕಿಸಿ ಎಂದರೆ ಯಾರಿಗೂ ಕಿವಿಯಿಲ್ಲ. ಹೊಲಿಗೆ ಟೀಚರ್ ಇದ್ದಾಳಲ್ಲ.

"ಜನವರಿಗೆ ಆಫೀಸರ್ ಬರ್ತಾರೆ. ಕೆಟ್ಟಿದ್ರೆ ವಾಪಸ್ ಒಯ್ತಾರಂತೆ. ಉಳಿಸಿಕೊಡಿ, ನಿಮ್ಮ ಪೋಸ್ಟ್ ಖಾಯಂ ಮಾಡಿ ಅಂತ ನಾನೇ ಬರೀತೀನಿ." ಪ್ರತಿ ಏಪ್ರಿಲ್‌ನಲ್ಲಿ ನನ್ನನ್ನು ಕೆಲಸದಿಂದ ಬಿಡಿಸಿ ಮನೆಗೆ ಕಳಿಸಿ ಜೂನ್‌ನಲ್ಲಿ ಮತ್ತೆ ಕರೆಯುತ್ತಾರೆ. ಸಾಕಾಗಿದೆ. ಒಪ್ಪಿದೆ.

ರೆಕ್ಕೆಯ ಅಡಿಯಲ್ಲಿ ಸಾಲಾಗಿ ಸಣ್ಣ ತೂತುಗಳು. ನುಸಿ ತಿಂದಿರಬೇಕು. ಒಂದೂ ಬಿಡದೆ ರಫೂ ಮಾಡಿ ಮುಚ್ಚಿದೆ.

ಡಿಸೆಂಬರ್ 9
ಕ್ಲಾಸಿನ ಬಟ್ಟೆಯೆಲ್ಲ ರೆಕ್ಕೆಗೇ ಹೋಯಿತು. ತೇಪೆ ಜೋಲುತ್ತಿದೆ. ಬಟ್ಟೆ ಬಿಗಿಯಾಗಲು ಬಳಿಯುವ ಬಣ್ಣ ಮೈಸೂರಲ್ಲೂ ಇಲ್ಲವಂತೆ... ಜವಾನ ಸಣ್ಣಬೀರಯ್ಯನ ಮನೆಯಲ್ಲಿ ಕಂಬಳಿ ನೇಯುತ್ತಾರೆ. "ಉಣಸೆಬೀಜದ ಗಂಜಿ ಬಳಿಯಾನ ಕಣವ್ವ. ಕಂಬ್ಳಿನೇ ಅಲಗೆ ಅಂಗಾಯ್ತದೆ."

ಬಳಿದೆವು. ಸಂಜೆ ಬೆರಳಲ್ಲಿ ತಟ್ಟಿದರೆ ತಮಟೆಯ ಹಾಗೆ ಸದ್ದು. ಬಹಳ ದಿನದ ಮೇಲೆ ಖುಷಿಯಾಯಿತು.

ಡಿಸೆಂಬರ್ 20, ಬೆಳಿಗ್ಗೆ
ಮಂಜಿನಲ್ಲಿ ಮೊದಲು ಕಾಣಿಸಲಿಲ್ಲ. ಗಂಜಿ ಇಬ್ಬನಿಗೆ ಕರಗಿ ಹುಳಿ ವಾಸನೆ. ಪಕ್ಕದ ಹೊಲದ ತಿಮ್ಮಯ್ಯನ ಕೆಂದ ಹಸು ಕೆಳಗಿನ ರೆಕ್ಕೆಯನ್ನು ನೆಕ್ಕಿ ನೆಕ್ಕಿ ತಿನ್ನುತ್ತಿದೆ. ಬಾಯಲ್ಲಿ ನನ್ನ ತೇಪೆ. ಅಲ್ಲೇ ಕೂತು ಅತ್ತೆ.

ಅವನೇ ಜಗಳಕ್ಕೆ ಬಂದ. "ನಿಮ್ ಇಮಾನ ತಿಂದು ನನ್ ಅಸುಗೆ ಒಟ್ಟೆ ಉಬ್ಕಂಡದೆ. ಔಸ್ದಿ ಯಾರು ಕೊಡ್ಸಾರು?"

ಹೆಡ್‌ಮಾಸ್ಟರ್ ತಲೆ ಮೇಲೆ ಕೈ ಹೊತ್ತು ಕೂತರು. "ದನ ವಿಮಾನ ತಿಂತು ಅಂತ ಹೇಗ್ರೀ ಬರೀಲಿ?"

ಜನವರಿ 5, ಭಾನುವಾರ
ನಾಡಿದ್ದು ಆಫೀಸರ್. ಒಂದು ಗೇಣು ಬಟ್ಟೆ ಇಲ್ಲ. ಹುಡುಗಿಯರು ಹೊಲಿಗೆ ಪರೀಕ್ಷೆಗೆಂದು ಮಾಡಿಟ್ಟ ಸ್ಯಾಂಪಲ್ ಬಟ್ಟೆ ತುಂಡುಗಳನ್ನು ತಂದರು. ಅಂಚು, ನೆರಿಗೆ, ರಫೂ. ಕೆಂಪಿಯದು ಗುಂಡಿ ಕಾಜಾ. ಕಾಡಂಚಿನ ಹಾಡಿಯಿಂದ ಬಂದು ಹಾಸ್ಟೆಲಲ್ಲಿರುವ ಹುಡುಗಿ, ಕಾಜಾ ಕಲಿಯಲು ಮೂರು ತಿಂಗಳು ಒದ್ದಾಡಿದ್ದಳು. ಬೇಡ ಎಂದೆ.

"ಪರೀಕ್ಷೆಗೆ ಇನ್ನೊಂದು ವಲ್ಕಂಡ್ರಾಯ್ತು ಬುಡಿ ಟೀಚರ್."

ಇನ್ನೊಂದಕ್ಕೆ ಬಟ್ಟೆ ಎಲ್ಲಿದೆ ಎಂದು ನಾನು ಕೇಳಲಿಲ್ಲ. ಪೋಸ್ಟಿನ ಆಸೆ. ಎಲ್ಲವನ್ನೂ ರೆಕ್ಕೆಗೆ ಹೊಲಿದೆ, ಅವಳದನ್ನು ಮಾತ್ರ ಎರಡೆಳೆ ದಾರದಲ್ಲಿ ಬಿಗಿಯಾಗಿ.

ಜನವರಿ 7
ಆಫೀಸರ್ ಒಳ್ಳೆಯವರೇ. ಕೆಂಪಿಯ ಕಾಜಾದೊಳಗೆ ಬೆರಳು ತೂರಿಸಿ, "ಇದೇನಮ್ಮಾ?"

"ಗುಂಡಿ ಕಾಜಾ, ಸಾರ್."

ನಗಲಿಲ್ಲ. ಬೆರಳು ಹೊರಗೆ ಬಂದಾಗ ತುದಿಯಲ್ಲಿ ಮರದ ಪುಡಿ, ಒದ್ದೆ. ಬಗ್ಗಿ ರೆಕ್ಕೆಯ ಅಡಿ ನೋಡಿದರು. "ಇಲ್ಲಿ ಸಣ್ಣ ತೂತುಗಳಿರಬೇಕಲ್ಲ. ಒಳಗೆ ಸೇರಿದ ನೀರು ಇಳಿಯೋಕೆ."

"ಹರಿದಿದೆ ಅಂತ... ಹೊಲಿದೆ, ಸಾರ್."

ನನ್ನ ರಫೂ ಮೇಲೆ ಬೆರಳಾಡಿಸಿದರು. "ಹೊಲಿಗೆ ಬಹಳ ಚೆನ್ನಾಗಿದೆ. ಆದರೆ ಮರ ಕೊಳೆತುಹೋಗಿದೆ. ಒಯ್ಯಲೇಬೇಕು."

ಇಬ್ಬನಿಯ ಮೇಲೆ, ಶೆಡ್ ಹಾಕಿಸದವರ ಮೇಲೆ, ಹಸುವಿನ ಮೇಲೆ ಒಂದು ತಿಂಗಳು ರೇಗಿದ್ದೆ. ಒಂದು ತೂತೂ ಬಿಡದೆ ಮುಚ್ಚಿದವಳು ನಾನು. ಹೆಡ್‌ಮಾಸ್ಟರ್ ಖಾಯಂ ಮಾತೆತ್ತಲಿಲ್ಲ. ನಾನೂ ಕೇಳಲಿಲ್ಲ.

ಜನವರಿ 11, ಶನಿವಾರ, ಮಧ್ಯಾಹ್ನ
ಬಯಲಲ್ಲೇ ಕೂತು ಬರೆಯುತ್ತಿದ್ದೇನೆ. ಲಾರಿಯವರು ಟೀಗೆ ಹೋಗಿದ್ದಾರೆ. ರೆಕ್ಕೆ ಕಳಚಿ ನೆಲಕ್ಕಿಟ್ಟಿದ್ದಾರೆ. ಸೋಮವಾರ ಪರೀಕ್ಷೆ. ಹುಡುಗಿಯರು ತಮ್ಮ ತಮ್ಮ ಸ್ಯಾಂಪಲ್ ಬಿಚ್ಚಿಕೊಂಡರು. ಕೆಂಪಿಯದು ಮಾತ್ರ ಬರುತ್ತಿಲ್ಲ. ನನ್ನ ಹೊಲಿಗೆಯ ಟಾಕ ಅಷ್ಟು ಬಿಗಿ. ಎಳೆದರೆ ಕಾಜಾ ಹರಿಯುತ್ತದೆ. ಅವಳು ಕತ್ತರಿ ಹಿಡಿದು ಪಕ್ಕದಲ್ಲೇ ನಿಂತಿದ್ದಾಳೆ. ಇನ್ನು ನಾಲ್ಕೇ ಟಾಕ, ಡೈರಿ ಮುಚ್ಚಿ ನಾನೇ ಬಿಚ್ಚಬೇಕು. ಲಾರಿಯವರು ಬರುತ್ತಿದ್ದಾರೆ. ಕತ್ತರಿ ಕೊಡು ಕೆಂಪಿ, ಒಂದು ನಿಮಿಷ ತಡೀರಿ ಅಂತ ಅವರಿಗೆ ಹೇಳು—