ಹೌನ್ಸ್ಲೋ ಸಂತೆಯಲ್ಲಿ ಅವ್ವನ ಕೌದಿ

ರೇನರ್ಸ್ ಲೇನ್
೨೯ ನವೆಂಬರ್ ೨೦೦೯, ಭಾನುವಾರ

ಪ್ರೀತಿಯ ಅವ್ವಗ,

ನಿನ್ನ ಸೌಜನ್ಯಾ ಮಾಡುವ ನಮಸ್ಕಾರ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನನ್ನ ಫೋನು ಬಂದರೆ ಕಾಕಾ ಸ್ಪೀಕರ್ ಹಾಕುತ್ತಾರೆ, ಓಣಿಯ ಮಂದಿಯೆಲ್ಲ ಸುತ್ತ ಕೂತು ಕೇಳುತ್ತಾರೆ. ಶಿವಕ್ಕ ಶುಕ್ರವಾರ ಊರಿಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಇದನ್ನು ಕಳಿಸುತ್ತೇನೆ. ಒಬ್ಬಳೇ ಕೂತು ಓದು. ಸುತ್ತು ಹಾಕದೆ ಹೇಳುತ್ತೇನೆ: ಫೆಬ್ರುವರಿಯಲ್ಲಿ ನನ್ನ ಮದುವೆ ಇಲ್ಲ. ನಿತೀಶನಿಗೆ ನಾನೇ ಬೇಡ ಅಂದೆ.

ಇಷ್ಟು ಬರೆಯುವುದರೊಳಗೆ ಮತ್ತೆ ಮತ್ತೆ ಎದ್ದು ಕಿಟಕಿಯ ತನಕ ಹೋಗಿ ಬಂದೆ. ಒರೆಸಿದ ಒಲೆಯನ್ನೇ ಮತ್ತೆ ಒರೆಸಿದೆ. ಕೂತಲ್ಲಿ ಕೂರಲು ಆಗುತ್ತಿಲ್ಲ.

ಡೋಣಿ ಹೊಳೆ ಉಕ್ಕಿ ತಾಳಿಕೋಟಿಯಲ್ಲಿ ಚಿಗವ್ವನ ಮನೆ ಬಿದ್ದಾಗ ಇಲ್ಲಿ ಪರದೇಶದಲ್ಲಿ ಎಲ್ಲರಿಗಿಂತ ಮೊದಲು ಎದ್ದು ನಿಂತವ ನಿತೀಶನೇ ಅಲ್ಲವೇ? ನೀನು ಊರಿಗೆ ಹೊರಡುವ ಗಡಿಬಿಡಿಯಲ್ಲಿದ್ದಾಗ ಅಂವ ಹ್ಯಾರೋದಿಂದ ಹೌನ್ಸ್ಲೋ ತನಕ ಕನ್ನಡದವರ ಮನೆ ಮನೆ ತಿರುಗಿ ಬಟ್ಟೆ, ಕಂಬಳಿ, ಪಾತ್ರೆ ಕೂಡಿಸಿದ. ಕಾಲೇಜಿನ ಹುಡುಗ ಹುಡುಗಿಯರು ಅವನ ಹಿಂದೆ ಓಡಾಡಿದರು. ಅವರ ಮುಂದೆ ನಿಂತು ಅಂವ ಕೆಲಸ ಹಂಚುವುದನ್ನು ನೋಡಿ ನನ್ನ ಎದೆ ಹಿಗ್ಗುತ್ತಿತ್ತು. ಬರುವ ಮೇ ತಿಂಗಳು ಕೌನ್ಸಿಲ್ ಚುನಾವಣೆಗೆ ನಿಲ್ಲುತ್ತಾನೆ, ನಮ್ಮವನೊಬ್ಬ ಅಲ್ಲಿ ಕೂರುತ್ತಾನೆ ಅಂತ ಎಲ್ಲರಿಗೂ ಖುಷಿ. ಹೋಗುವ ಮೊದಲು ನೀನು ಹೊಲಿದ ಕೌದಿಗಳನ್ನು ಅವನ ಕೈಗೇ ಕೊಟ್ಟು ಹೋದೆ. ಹಡಗಿನ ಸಾಮಾನಿನ ಜೊತೆ ಬರಲಿ ಅಂದಿದ್ದೆ.

ಅವುಗಳಲ್ಲಿ ಒಂದನ್ನು ನಾನು ಹೌನ್ಸ್ಲೋ ಸಂತೆಯಲ್ಲಿ ನೋಡಿದೆ, ಅವ್ವಾ.

ಈ ತಿಂಗಳ ಮೊದಲ ಶನಿವಾರ ಆಫೀಸು ಮುಗಿಸಿ ಬಸ್ಸಿಗೆ ಹೊರಟಿದ್ದೆ. ಒಂದು ಅಂಗಡಿಯ ಮುಂದೆ ಗೋಡೆಗೆ ತೂಗುಹಾಕುವ ಚಿತ್ರದ ಹಾಗೆ ಅದನ್ನು ಹರಡಿ ನೇತುಹಾಕಿದ್ದರು. ಮೂಲೆಯಲ್ಲಿ ನನ್ನ ಶಾಲೆಯ ನೀಲಿ ಲಂಗದ ತುಂಡು, ನಡುವೆ ನಿನ್ನ ಇಳಕಲ್ ಸೀರೆಯ ಸೆರಗು. ಪಕ್ಕದಲ್ಲಿ ಪ್ಯಾಕೆಟ್ಟು ಸಹ ಒಡೆಯದ ಹೊಸ ಕಂಬಳಿಗಳ ರಾಶಿ. ಎಲ್ಲಿಂದ ಬಂತು ಅಂತ ಕೇಳಿದೆ. ಒಬ್ಬ ಇಂಡಿಯನ್ ಹುಡುಗ ವ್ಯಾನಿನಲ್ಲಿ ತಂದು ಹಾಕುತ್ತಾನೆ, ದಾನದಲ್ಲಿ ಮಿಕ್ಕಿದ ಸಾಮಾನಂತೆ ಅಂದ ಅಂಗಡಿಯವ. ಹುಡುಗನ ಹೆಸರು ಕೇಳುವ ಧೈರ್ಯ ಬರಲಿಲ್ಲ.

ಬಸ್ಸು ಬಿಟ್ಟು ನೆಟ್ಟಗೆ ಪಾರ್ಕ್ ರಾಯಲ್‌ಗೆ ಹೋದೆ, ಸಾಮಾನು ಕೂಡಿಟ್ಟ ಗೋದಾಮಿಗೆ. ನಿತೀಶ ಇದ್ದ. ಸ್ಪಂದನಾ ಅಂತ ಒಬ್ಬ ಹುಡುಗಿ, ಬೆಂಗಳೂರು ಕಡೆಯವರ ಮಗಳು, ಇನ್ನೂ ಕಾಲೇಜು ಮುಗಿದಿಲ್ಲ, ಕೆಳಗೆ ಕೂತು ಬಟ್ಟೆ ಬೇರೆ ಮಾಡುತ್ತಿದ್ದಳು. ಸಂತೆಯಲ್ಲಿ ನೋಡಿದ್ದನ್ನು ಹೇಳಿದೆ. ಆ ವ್ಯಾನಿನ ಹುಡುಗ ತಾನಲ್ಲ ಅಂತ ಒಂದು ಮಾತು ಅಂವ ಹೇಳಿದ್ದರೆ ನಂಬಿಬಿಡುತ್ತಿದ್ದೆ. ಹೇಳಲಿಲ್ಲ. ನಕ್ಕ.

"ವಿಜಾಪುರದ ಬಿಸಲಾಗ ದಪ್ಪ ಕೋಟು ಯಾರು ಹಾಕ್ಕೋತಾರ, ಸೌಜು? ಮಾರಿ ಬಂದದ್ದು ಚುನಾವಣಿಗೆ ಆತು. ನಾ ಗೆದ್ರ ನಮ್ಮ ಮಂದೀಗೇ ಛಲೋ ಆಗ್ತದ" ಅಂದ.

ಕೋಟಿನ ಮಾತು ಖರೆ ಅಂತ ನನಗೂ ಅನಿಸಿತು. ಅದೇ ನನ್ನನ್ನು ಗಾಬರಿ ಮಾಡಿದ್ದು. ಹಾಗಿದ್ದರೆ ಕೊಟ್ಟವರನ್ನು ಒಂದು ಮಾತು ಕೇಳಬೇಕಿತ್ತು, ಕೋಟು ಇರಲಿ, ಕಂಬಳಿ ಯಾಕೆ ಹೋದವು, ಅವ್ವನ ಕೌದಿ ಯಾಕೆ ಹೋಯಿತು ಅಂತ ಕೇಳಿದೆ. ಕೌದಿ ಕೈತಪ್ಪಿ ಹೋಗಿರಬೇಕು ಅಂದ. "ಎಲ್ಲಾರೂ ಹಿಂಗ ಮಾಡ್ತಾರ. ನಾ ಮಾಡಿದ್ರ ಮಾತ್ರ ತಪ್ಪೇನು?" ಅಂದ.

ಅಷ್ಟರಲ್ಲಿ ಸ್ಪಂದನಾ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಸಿಟ್ಟಾದದ್ದೇ ಅವಳಿಗೆ ಅರ್ಥವಾಗಿರಲಿಲ್ಲ. "ಅಕ್ಕಾ, ಒಳ್ಳೇದನ್ನ ಬೇರೆ ತೆಗೆದಿಡೋದು ನಾನೇ. ಚಾರಿಟಿ ಅಂದ್ರೆ ಹೀಗೇ ನಡೆಯೋದು ಅಂತ ನಿತೀಶ್ ಹೇಳಿದ್ರಲ್ಲ?" ಅಂದಳು. ಆ ಮುಖದಲ್ಲಿ ಅಂಜಿಕೆ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಕೆಲಸ ಕಲಿತವರ ಮುಖ ಅದು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ.

ಮನೆಗೆ ಬಂದು ಅಪ್ಪನ ಮುಂದೆ ಎಲ್ಲ ಹೇಳಿದೆ. ಮದುವೆ ಹತ್ತಿರ ಬಂತು, ಸುಮ್ಮನಿರು ಅಂದರು. ಕನ್ನಡ ಸಂಘದ ಅಧ್ಯಕ್ಷರು ನರಸಿಂಹಮೂರ್ತಿ ಅಂಕಲ್ ಕೂಡ, ಹುಡುಗರು ಏನೋ ಮಾಡಿದ್ದಾರಮ್ಮ, ನಾವು ದೊಡ್ಡವರು ಸೇರಿ ಹೊಸ ಕಂಬಳಿ ಕೊಂಡು ತುಂಬಿಸೋಣ, ಹೊರಗೆ ಗೊತ್ತಾಗೋದು ಬೇಡ ಅಂದರು. ಕೆಟ್ಟ ಮನುಷ್ಯರಲ್ಲ ಅವರು. ಒಪ್ಪಿಬಿಡೋಣ ಅಂತ ನನಗೂ ಅನಿಸಿತು. ಆದರೆ ಕಣ್ಣು ಮುಚ್ಚಿದರೆ ಸ್ಪಂದನಾಳ ಮುಖ. ನಾವು ಹೊಸ ಕಂಬಳಿ ತುಂಬಿಸಿದರೆ ಅವಳು ಏನು ಕಲಿತ ಹಾಗಾಯಿತು? ತಪ್ಪು ಮಾಡು, ಹಿಂದಿನಿಂದ ದೊಡ್ಡವರು ತುಂಬಿಸುತ್ತಾರೆ ಅಂತ ತಾನೇ?

ಮುಂದಿನ ಭಾನುವಾರ ಶಾಲೆಯ ಹಾಲ್‌ನಲ್ಲಿ ಸಭೆ ಇತ್ತು. ಕೊಟ್ಟವರೆಲ್ಲ ಬಂದಿದ್ದರು. ನಿತೀಶನನ್ನು ಹೊಗಳಿ ಶಾಲು ಹೊದಿಸುವವರಿದ್ದರು. ಅದಕ್ಕೆ ಮೊದಲೇ ನಾನು ಎದ್ದು ನಿಂತು ಹೇಳಿದೆ. ಅರ್ಧ ಮಾತು ಇಂಗ್ಲಿಷಿನಲ್ಲಿ ಬಂತು. ನಿತೀಶನ ಕಡೆ ತಿರುಗಿ, ನೀನೇ ಹೇಳು, ನಾ ಹೇಳಿದ್ದು ಸುಳ್ಳೇನು ಅಂದೆ. ಅಂವ "ಸುಳ್ಳಲ್ಲ" ಅಂದು ಕುರ್ಚಿಯ ಮೇಲಿದ್ದ ಜಾಕೆಟ್ಟು ತೆಗೆದುಕೊಂಡು ಹೊರಗೆ ಹೋದ. ಅವನ ತಾಯಿ ನನ್ನನ್ನು ನೋಡಿದ ನೋಟ ನಿನಗೆ ಬರೆಯಲಾರೆ. ಆ ರಾತ್ರಿಯೇ ಅವನಿಗೆ ಫೋನ್ ಮಾಡಿ ಮದುವೆ ಬೇಡ ಅಂದೆ.

ಈಗ ಅಂವ ಚುನಾವಣೆಗೆ ನಿಲ್ಲುವುದಿಲ್ಲ. ಪಾರ್ಟಿಯವರೇ ಬೇಡ ಅಂದರಂತೆ. ಹುಡುಗರಲ್ಲಿ ಅರ್ಧ ಮಂದಿ ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಹೊಟ್ಟೆಕಿಚ್ಚಿಗೆ ಹೀಗೆ ಮಾಡಿದಳು ಅನ್ನುತ್ತಾರೆ. ಸ್ಪಂದನಾ ಒಂದಷ್ಟು ದಿನ ಬರಲಿಲ್ಲ. ಮೊನ್ನೆ ಗೋದಾಮಿಗೆ ಬಂದವಳು ನನ್ನ ಮುಖ ನೋಡದೆ, ಯಾವ ಗಂಟು ಕಟ್ಟಲಿ ಅಂತ ಕೇಳಿದಳು. ಇಬ್ಬರೂ ಕೂಡಿ ಉಳಿದದ್ದನ್ನೆಲ್ಲ ಕಟ್ಟಿದೆವು. ಏನು ಬೇಕು, ಏನು ಬೇಡ ಅಂತ ನೀನು ಅಲ್ಲಿ ನಾಲ್ಕು ಮನೆ ಕೇಳಿ ಹೇಳಿದರೆ ಹಾಗೇ ಕಳಿಸುತ್ತೇವೆ. ಬೇಡದ ಕೋಟುಗಳನ್ನು ಏನು ಮಾಡಬೇಕು ಅಂತ ಕೊಟ್ಟವರನ್ನೇ ಕೇಳುತ್ತಿದ್ದೇವೆ.

ಅಪ್ಪ ನಿನ್ನೆ ಊಟದ ಮುಂದೆ ಕೂತು "ನೀ ಮಾಡಿದ್ದು ಬರೋಬ್ಬರಿ ಅದ. ಆದ್ರ ನನಗ ಸಂತೋಷ ಆಗಿಲ್ಲ" ಅಂದರು. ನನಗೂ ಆಗಿಲ್ಲ ಅಂದೆ. ಆಮೇಲೆ ಇಬ್ಬರೂ ಉಂಡೆವು.

ನೀನು ಅಳಬೇಡ. ನಾನು ಗಟ್ಟಿ ಇದ್ದೇನೆ. ಅವನ ನೆನಪೇ ಬರುವುದಿಲ್ಲ ಅಂದರೂ ನಡೆದೀತು. ಚಿಗವ್ವನಿಗೆ ನಿಧಾನಕ್ಕೆ ಹೇಳು.

ನಿನ್ನ ಮಗಳು,
ಸೌಜನ್ಯಾ

ತಾ.ಕ.: ನಿತೀಶ ನಿನಗೆ ಫೋನ್ ಮಾಡಬಹುದು. ಮೊದಲಿಂದಲೂ ನನಗೆ ಹೇಳದ್ದನ್ನೆಲ್ಲ ನಿನಗೆ ಹೇಳುತ್ತಾನಲ್ಲ. ಮಾಡಿದರೆ ಬೈಯಬೇಡ ಅವ್ವಾ. ಬಹಳ ಸೊರಗಿದ್ದಾನೆ ಅಂತ ಕೇಳಿದೆ. ಉಂಡ್ಯಾ ಇಲ್ಲಾ ಅಂತ ಒಂದು ಮಾತು ಕೇಳು. ನಾನು ಕೇಳು ಅಂದದ್ದು ಮಾತ್ರ ಅವನಿಗೆ ಗೊತ್ತಾಗಬಾರದು.