ಬಿದ್ದವನಿಗೆ ಕೈ

೪-೧-೧೯೩೭, ಸೋಮವಾರ. ಹುಮನಾಬಾದ್

ಬೆಳಗ್ಗೆ ತಾಲೀಮಿನಲ್ಲಿ ಕುಸ್ತಿ ಅಖಾಡದ ಮಣ್ಣು ಅಗೆದೆವು. ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ತುಳಿದದ್ದಾಯಿತು. ಬೈಠಕ್ ಮುಗಿಯುವಷ್ಟರಲ್ಲಿ ಸೈಫುದ್ದೀನ್ ಸಾಹೇಬರ ಮೋಟಾರು ಬಂತು. ಇನ್ನು ಕುಸ್ತಿ ಸಾಕು, ಚೆಂಡು ಹಿಡಿಯಿರಿ ಎಂದರು. ದಸರೆಯಿಂದ ಇದೇ ಹುಚ್ಚು ನಡೆದಿದೆ. ಸಾಹೇಬರದು ಹತ್ತಿ ಜಿನ್ನಿಂಗ್ ಫ್ಯಾಕ್ಟರಿ. ವಿಲಾಯತ್ತಿನಲ್ಲಿ ಓದುವಾಗ ರಗ್ಬಿ ಆಡಿದರಂತೆ. ಅಲ್ಲೇ ಬಿಟ್ಟು ಬರಬಹುದಿತ್ತು. ಬಿಡಲಿಲ್ಲ. ಈಗ ಕಪ್ ಬೇರೆ ಇಟ್ಟಿದ್ದಾರೆ. ಕಲ್ಯಾಣದ ಕೋಟೆಯ ಕೆಳಗಿನ ಬಯಲಿನಲ್ಲಿ ಆಟ. ಸಿಲೋನಿನವರು, ಬರ್ಮಾದವರು, ಪಾಂಡಿಚೇರಿಯ ಫ್ರೆಂಚರು ಬರುತ್ತಾರೆ. ನಾಲ್ಕನೆಯವರು ನಾವು. ‘ನಾಲ್ಕು ದೇಶಗಳ ಪಂದ್ಯ’ ಎಂದು ಹ್ಯಾಂಡ್‌ಬಿಲ್ಲಿನಲ್ಲಿ ಹಾಕಿದ್ದಾರೆ. ಕಲ್ಯಾಣ ಯಾವಾಗ ದೇಶವಾಯಿತೋ. ಇರಲಿ.

ನಮ್ಮಲ್ಲಿ ಮುಕ್ಕಾಲು ಪಾಲು ಪೈಲವಾನರು, ಉಳಿದವರು ಕೊಡಂಬಲದ ಕುರಿ ಕಾಯುವವರು. ಓಡುವುದಕ್ಕೆ ಅವರು, ಬೀಳುವುದಕ್ಕೆ ನಾವು. ಉಸ್ತಾದ್ ಜಹೀರುದ್ದೀನರು ಕಟ್ಟೆಯ ಮೇಲೆ ಕೂತು ಹುಬ್ಬು ಗಂಟಿಕ್ಕಿ ನೋಡುತ್ತಿದ್ದರು. ಸ್ವಂತ ಮಗ ಮಕ್ಬೂಲನೇ ಎಲ್ಲರಿಗಿಂತ ಮುಂದೆ ಚೆಂಡಿಗೆ ಓಡುತ್ತಾನೆ, ಅದೇ ಅವರ ಸಂಕಟ. ಹೋದ ತಿಂಗಳು ಈದ್ ಆದ ಮೇಲೆ ಮಕ್ಬೂಲನ ನಿಕಾಹ್ ಆಯಿತು. ಮದುವಣಗಿತ್ತಿ ಸರ್ವರಿ ಕಟ್ಟಿಕೊಡುವ ರೊಟ್ಟಿಯಲ್ಲಿ ಅರ್ಧ ನನಗೆ. ಹೆಂಡತಿ ಬಂದರೂ ನನ್ನ ಪಾಲು ತಪ್ಪಿಲ್ಲ. ಚಿಕ್ಕಂದಿನಿಂದ ನಾನೂ ಅವನೂ ಜೋಡಿ.

೯-೧, ಶನಿವಾರ

ಶಾಲೆಯಲ್ಲಿ ಹುಡುಗರಿಗೆ ಡ್ರಿಲ್ ಮಾಡಿಸಿ ಓಡಿದೆ. ಸಾಹೇಬರು ಇವತ್ತು ಆಟದ ಕಾನೂನು ಮತ್ತೊಮ್ಮೆ ಹೇಳಿದರು. ಚೆಂಡು ಹಿಡಿದು ಓಡಿ ಎದುರಿನವರ ಗೆರೆ ದಾಟಬೇಕು, ಓಡುವವನನ್ನು ಹಿಡಿದು ಕೆಡವಬಹುದು. ಬಿದ್ದವನು ಚೆಂಡು ಬಿಡಬೇಕು. ಆಟ ಮಾತ್ರ ನಿಲ್ಲುವುದಿಲ್ಲ. ಎರಡೂ ಕಡೆಯವರು ಅವನ ಮೇಲಿಂದಲೇ ಹಾಯ್ದು, ಚೆಂಡನ್ನು ಕಾಲಿನಿಂದ ಹಿಂದಕ್ಕೆ ತಳ್ಳುತ್ತಾರೆ. ಬಿದ್ದವನು ತಲೆ ಮುಚ್ಚಿಕೊಂಡು, ಮುದುಡಿ, ಹೊರಳಿ ಹೋಗಬೇಕು.

ಕೇಳಲು ಸುಲಭ. ನಮ್ಮ ಮೈಗೆ ಒಗ್ಗುವುದಿಲ್ಲ. ತಾಲೀಮಿನಲ್ಲಿ ಬೆನ್ನು ಮಣ್ಣಿಗೆ ಹತ್ತಿದರೆ ಚಿತ್. ಅಲ್ಲಿಗೆ ಕುಸ್ತಿ ಮುಗಿಯಿತು. ಸೋತವನು ಕೈಕಾಲು ಸಡಿಲ ಬಿಟ್ಟು ಮಲಗುತ್ತಾನೆ, ಗೆದ್ದವನು ಕೈ ಕೊಟ್ಟು ಎಬ್ಬಿಸುತ್ತಾನೆ. ಕೈ ಕೊಡದವನಿಗೆ ಉಸ್ತಾದರ ಬೆತ್ತ. ನನಗೂ ಬಿದ್ದಿದೆ ಒಮ್ಮೆ, ಗುರುತು ಇನ್ನೂ ಇದೆ.

ಮಕ್ಬೂಲನನ್ನು ಮತ್ತೆ ಮತ್ತೆ ಕೆಡವಿದೆ. ಪ್ರತಿ ಸಲವೂ ಬೆನ್ನು ತಾಗಿದ ಕೂಡಲೇ ಸುಮ್ಮನೆ ಮಲಗಿ, ನನ್ನ ಮುಖ ನೋಡಿ ಕೈ ಚಾಚಿದ.

“ಮುದುಡಕೋ ಅಂತ ಹೇಳಿಲ್ಲೇನು? ಈ ಆಟದಾಗ ಯಾರೂ ಕೈ ಕೊಡಂಗಿಲ್ಲ,” ಎಂದೆ.

“ನೀ ಕೊಡ್ತಿಯಲ್ಲ,” ಎಂದ.

ಕೊಟ್ಟೆ. ಬೈಯುತ್ತಲೇ ಕೊಟ್ಟೆ.

೧೭-೧, ಭಾನುವಾರ. ಕಲ್ಯಾಣ

ಬರ್ಮಾದವರನ್ನು ಸೋಲಿಸಿದೆವು. ಜನವೋ ಜನ. ಕೋಟೆಯ ಗೋಡೆಯ ಮೇಲೂ ಹತ್ತಿ ಕೂತಿದ್ದರು. ನಮ್ಮದು ಬರಿಗಾಲು, ಅವರದು ಬೂಟು. ಬೂಟಿನ ತಳಕ್ಕೆ ತೊಗಲಿನ ಗುಬಟುಗಳು, ನನ್ನ ಹಿಮ್ಮಡಿಯ ಚರ್ಮ ಕಿತ್ತಿದೆ. ಬಯಲು ಕಲ್ಲಿನಷ್ಟು ಗಟ್ಟಿ. ಜೋಳ ಕಿತ್ತ ಹೊಲವಾದರೂ ಇದಕ್ಕಿಂತ ಮೆತ್ತಗಿರುತ್ತದೆ. ಅಖಾಡದ ಮಣ್ಣು ನೆನಪಾಯಿತು.

೨೧-೧, ಗುರುವಾರ

ಫ್ರೆಂಚರೂ ಸೋತರು. ಮಕ್ಬೂಲನನ್ನು ಜನ ಹೆಗಲ ಮೇಲೆ ಹೊತ್ತು ಪೇಟೆಯೆಲ್ಲ ತಿರುಗಿಸಿದರು. ನಾನು ಹಿಂದೆ ಅವನ ಚಪ್ಪಲಿ ಹಿಡಿದುಕೊಂಡು ನಡೆದೆ. ಭಾನುವಾರ ಸಿಲೋನು. ಮೇಲಿನ ಎರಡು ತಂಡಗಳಿಗೆ ಅದರ ಮುಂದಿನ ಭಾನುವಾರ ಫೈನಲ್. ಎರಡು ಗೆದ್ದ ನಾವು ಹೇಗೂ ಫೈನಲಿನಲ್ಲಿದ್ದೇವೆ. ಭಾನುವಾರದ ಆಟ ಸೋತರೂ ಚಿಂತೆಯಿಲ್ಲ ಎಂದರು ಸಾಹೇಬರು.

೨೬-೧, ಮಂಗಳವಾರ. ಹುಮನಾಬಾದ್

ಬರೆಯಲಾಗಲಿಲ್ಲ.

ಭಾನುವಾರ ಮಕ್ಬೂಲ ಚೆಂಡು ಹಿಡಿದು ಎಡಗಡೆಯಿಂದ ಓಡಿದ. ಸಿಲೋನಿನ ಎತ್ತರದವನೊಬ್ಬ ಸೊಂಟ ಹಿಡಿದು ಕೆಡವಿದ. ಅಂಗಾತ ಬಿದ್ದ. ಚೆಂಡು ಬಿಟ್ಟ. ಆಮೇಲೆ — ಮಲಗಿದ. ಕೈಕಾಲು ಸಡಿಲ ಬಿಟ್ಟು ಮಲಗಿದ. ಬಲಗೈ ಮೇಲಕ್ಕೆ ಚಾಚಿದ. ಎಬ್ಬಿಸುತ್ತಾರೆ ಎಂದು ಕಾಯ್ದ. ನಾನು ದೂರವಿದ್ದೆ. ಹೊರಳೋ, ಹೊರಳೋ ಎಂದು ಕೂಗಿದೆ. ಬೂಟುಗಳು ಬಂದವು. ಕೆಡವಿದ ಆ ಎತ್ತರದವನೇ ಎದ್ದು ಮೊದಲು ಹಾಯ್ದ, ಹಿಂದೆ ಉಳಿದವರು. ಎಲ್ಲರ ಕಣ್ಣೂ ಚೆಂಡಿನ ಮೇಲೆ.

ಸೀಟಿ ಊದಲಿಲ್ಲ. ರೆಫರಿಗೆ ಊದಲು ಕಾರಣವಿರಲಿಲ್ಲ. ಕಾನೂನಿನ ಪ್ರಕಾರ ಎಲ್ಲ ಸರಿಯಾಗಿತ್ತು.

ಸಾಹೇಬರ ಮೋಟಾರಿನಲ್ಲಿ ಹುಮನಾಬಾದಿನ ದವಾಖಾನೆಗೆ ತಂದೆವು. ಕುತ್ತಿಗೆಯ ಎಲುಬು ಮುರಿದಿದೆ. ಅದರಿಂದ ಕೆಳಗೆ ಏನೂ ತಿಳಿಯುವುದಿಲ್ಲ. ಎರಡೂ ಕಡೆ ಮರಳಿನ ಚೀಲ ಇಟ್ಟು ತಲೆ ಅಲುಗದಂತೆ ಮಾಡಿದ್ದಾರೆ. ಛಾವಣಿಯೊಂದೇ ಕಾಣುತ್ತದೆ ಅವನಿಗೆ.

೨೮-೧, ಗುರುವಾರ

ಶಾಲೆಗೆ ಹೋಗಿಲ್ಲ. ಸರ್ವರಿ ಚಮಚೆಯಿಂದ ಗಂಜಿ ಕುಡಿಸುತ್ತಿದ್ದಳು. ಅಳುವುದಿಲ್ಲ ಆ ಹುಡುಗಿ. ಅತ್ತರೆ ಚಮಚೆ ಅಲುಗುತ್ತದೆ ಎಂದು ತಡೆದುಕೊಂಡಿದ್ದಾಳೆ, ನನಗೆ ಗೊತ್ತು.

“ಮಡೆಪ್ಪಾ,” ಎಂದ ಮಕ್ಬೂಲ, “ನನ್ನ ಕೈ ಎಲ್ಲಿ ಇಟ್ಟಾರ?”

ಎದೆಯ ಮೇಲೆ ಇತ್ತು. ಹೇಳಿದೆ.

“ಹಂಗಾರ ಛಲೋ. ಕೆಳಗ ಜೋತಾಡಾಕತ್ತದ ಏನೋ ಅಂದ್ಕೊಂಡಿದ್ದೆ.”

ಹೊರಗೆ ಬಂದು ಬೇವಿನ ಗಿಡದ ಹತ್ತಿರ ನಿಂತು ಅತ್ತೆ. ಹೆಚ್ಚು ದಿನ ಉಳಿಯುವುದಿಲ್ಲ ಎಂದಿದ್ದಾರೆ ಡಾಕ್ಟರು. ಉಸ್ತಾದರಿಗೆ ಹೇಳಿದ್ದಾರೆ, ಅವನ ಹೆಂಡತಿಗೆ ಹೇಳಿಲ್ಲ. ಫೈನಲು ನಮಗೂ ಸಿಲೋನಿಗೂ. ಬೇಡ ಎಂದರೆ ಸಾಹೇಬರು ಕೇಳುವುದಿಲ್ಲ. ತಂಡಗಳು ಸಮುದ್ರ ದಾಟಿ ಬಂದಿವೆಯಂತೆ.

೨೯-೧, ಶುಕ್ರವಾರ. ಸಂಜೆ

ಆ ಎತ್ತರದವನು ದವಾಖಾನೆಗೆ ಬಂದಿದ್ದ. ಕೈಯಲ್ಲಿ ಕಿತ್ತಳೆ ಹಣ್ಣಿನ ಬುಟ್ಟಿ. ಜೊತೆಗೆ ಮಾತು ತಿಳಿಸಲು ಸೈಫುದ್ದೀನ್ ಸಾಹೇಬರು. ವೀರಕೋಡಿ ಅಂತೆ ಹೆಸರು. ಅವನೂ ನನ್ನ ಹಾಗೆ ಶಾಲೆಯ ಮಾಸ್ತರ. ಮಂಚದ ಹತ್ತಿರ ಟೋಪಿ ತೆಗೆದು ನಿಂತ. ಬುಟ್ಟಿಯನ್ನು ಮಂಚದ ಪಕ್ಕ ಕೆಳಗಿಟ್ಟ. ನನಗೆ ಅವನ ಗಂಟಲು ಹಿಡಿಯಬೇಕೆನಿಸಿತು. ನಿಜವನ್ನೇ ಬರೆಯುತ್ತಿದ್ದೇನೆ.

ಮಕ್ಬೂಲ ಛಾವಣಿ ನೋಡುತ್ತಲೇ ಹೇಳಿದ: “ಸಾಹೇಬ್ರ, ಇವ್ರಿಗಿ ಹೇಳ್ರಿ. ಇವ್ರ ತಪ್ಪಿಲ್ರಿ. ಇವ್ರ ಆಟದಾಗ ಯಾರೂ ಮಕ್ಕೊಳ್ಳಂಗಿಲ್ಲ, ನಾ ಮಕ್ಕೊಂಡೆ. ನಮ್ಮ ತಾಲೀಮದಾಗ ಗೆದ್ದಾಂವ ಬಿದ್ದಾಂವಗ ಕೈ ಕೊಡ್ತಾನ, ಆ ರೂಢಿ ನಂದು.”

ಸಾಹೇಬರು ಇಂಗ್ಲಿಷಿನಲ್ಲಿ ಹೇಳಿದರು.

“ಇನ್ನೊಂದು ಹೇಳ್ರಿ. ಫೈನಲ್ ದಿನ ಇವ್ರೇನರ ಬಿದ್ದರ ಕೈ ಮುಂದ ಮಾಡ್ಲಿ. ಅಂಜೂದು ಬ್ಯಾಡ. ನಮ್ಮ ಮಡೆಪ್ಪ ಎಬ್ಬಸ್ತಾನ.”

ಅದನ್ನೂ ಹೇಳಿದರು. ವೀರಕೋಡಿ ನನ್ನ ಕಡೆ ತಿರುಗಿ ಕೈ ಚಾಚಿದ. ನಾನು ಬುಟ್ಟಿಯ ಹಣ್ಣು ಸರಿಸುವವನಂತೆ ಬಗ್ಗಿದೆ.

“ಕೈ ಕೊಟ್ಟಿಯೇನು ಮಡೆಪ್ಪಾ?” ಎಂದ ಮಕ್ಬೂಲ. ಕಾಣುವುದಿಲ್ಲವಲ್ಲ ಅವನಿಗೆ.

ಕೊಟ್ಟೆ. ಮೆತ್ತಗಿನ ಕೈ. ಸೀಮೆಸುಣ್ಣ ಹಿಡಿಯುವ ಕೈ.

ಅವರು ಹೋದ ಮೇಲೆ ಮಕ್ಬೂಲ ಕೇಳಿದ, “ನನ್ನ ಮಾತು ನಡಸ್ತಿ ಅಲ್ಲ?”

“ಹೂಂ.”

“ಇನ್ನ ಏನೂ ಕೇಳಂಗಿಲ್ಲ ನಿನಗ.”

೩೦-೧, ಶನಿವಾರ

ಉಸ್ತಾದರು ಕಲ್ಯಾಣದ ಬಯಲಿಗೆ ಬಂದರು. ಈ ಆಟದ ಜಾಗಕ್ಕೆ ಕಾಲಿಟ್ಟದ್ದು ಇದೇ ಮೊದಲು. ಗಡ್ಡ ಬಾಚಿಲ್ಲ. ಕೈಯಲ್ಲಿ ಅದೇ ಬೆತ್ತ. ನಮ್ಮನ್ನು ಸಾಲಾಗಿ ನಿಲ್ಲಿಸಿದರು.

“ಇಷ್ಟ ದಿನ ನಾ ಕಲಿಸಿದ್ದು ಮರೀರಿ. ಬೆನ್ನು ಹತ್ತಿದರ ಮುಗೀತು ಅಂತ ಹೇಳಿದ್ದೆ. ಮುಗಿಯಂಗಿಲ್ಲ. ನನ್ನ ಮಗನ ಮ್ಯಾಲ ಹ್ಯಾಂಗ ಹಾಯ್ದರು, ಹಂಗ ಹಾಯಬೇಕು.”

ಉಸ್ತಾದರು ತಲೆಯ ಪಟಕ ತೆಗೆದಿಟ್ಟು ನೆಲದ ಮೇಲೆ ಅಂಗಾತ ಮಲಗಿದರು. ಆ ವಯಸ್ಸಿನಲ್ಲಿ, ಆ ಕಲ್ಲು ನೆಲದ ಮೇಲೆ.

“ಬರ್ರಿ. ನನ್ನ ಮ್ಯಾಲೇ ಹಾಯ್ರಿ.”

ಓಡಿದೆವು. ಒಬ್ಬೊಬ್ಬರೂ ಅವರ ಹತ್ತಿರ ಬಂದು ಪಕ್ಕಕ್ಕೆ ಸರಿದೆವು. ಉಸ್ತಾದರು ಎದ್ದು ಬಂದು ಒಬ್ಬೊಬ್ಬರಿಗೂ ಬೆತ್ತದಿಂದ ಹೊಡೆದರು. ಮತ್ತೆ ಮಲಗಿದರು. ಮತ್ತೆ ಸರಿದೆವು. ಮತ್ತೆ ಹೊಡೆದರು. ಕೊನೆಗೆ ನನ್ನ ಹೆಸರು ಹಿಡಿದು ಕರೆದರು.

“ಮಡೆಪ್ಪಾ, ಅವ ನಿನಗ ತಮ್ಮ ಅಲ್ಲೇನು?”

ಓಡಿದೆ. ನನ್ನ ಬರಿಗಾಲು ಉಸ್ತಾದರ ಎದೆಯ ಮೇಲೆ ಬಿತ್ತು. ಪಕ್ಕೆಲುಬು ಒಳಗೆ ಹೋಗಿ ಬಂದದ್ದು ಅಂಗಾಲಿಗೆ ತಿಳಿಯಿತು. ಅವರು ಕೆಮ್ಮಿದರು.

“ಇನ್ನೊಮ್ಮೆ,” ಎಂದರು.

ನನ್ನ ಹಿಂದೆ ಎಲ್ಲರೂ ಹಾಯ್ದರು. ಆಮೇಲೆ ಕಷ್ಟವಾಗಲಿಲ್ಲ. ಅದನ್ನು ನೆನೆದರೆ ಹೆದರಿಕೆಯಾಗುತ್ತದೆ.

೩೧-೧, ಭಾನುವಾರ. ಬೆಳಗ್ಗೆ

ಸಾಹೇಬರು ಎಲ್ಲರಿಗೂ ಬೂಟು ತರಿಸಿದ್ದಾರೆ. ನನ್ನವು ಬಿಗಿ. ಲೇಸು ಕಟ್ಟಲು ಬರುವುದಿಲ್ಲ, ಎತ್ತಿನ ಹಗ್ಗದ ಗಂಟು ಹಾಕಿದ್ದೇನೆ. ಮಕ್ಬೂಲನಿಗೆ ಹೂಂ ಎಂದಿದ್ದೇನೆ. ಉಸ್ತಾದರಿಗೆ ಏನೂ ಹೇಳಿಲ್ಲ. ಆ ಸಿಲೋನಿನವನು ಬೀಳದಿದ್ದರೆ ಎಷ್ಟು ಒಳ್ಳೆಯದು. ನನ್ನ ಮುಂದೆ ಬೀಳದಿದ್ದರೆ ಸಾಕು.

ಅದೇ ದಿನ, ಸಂಜೆ. ಹುಮನಾಬಾದ್, ದವಾಖಾನೆಯ ಪಡಸಾಲೆ

ಗೆದ್ದೆವು.

ಆಟ ಮುಗಿಯುವ ಹೊತ್ತು, ಎರಡೂ ಕಡೆ ಸಮ ಸಮ. ವೀರಕೋಡಿ ಚೆಂಡು ಹಿಡಿದು ಬಂದ. ಕೊಡಂಬಲದ ಹಣಮಂತ ಅವನ ಕಾಲು ಹಿಡಿದು ಕೆಡವಿದ. ವೀರಕೋಡಿ ಬಿದ್ದದ್ದು ಸರಿಯಾಗಿ ನನ್ನ ಮುಂದೆ, ಅಂಗಾತ. ಚೆಂಡು ಅವನ ಪಕ್ಕದಲ್ಲಿ. ಅವನಿಗೆ ಮುದುಡಲು ಗೊತ್ತು. ಎಷ್ಟೋ ವರ್ಷ ಆಡಿದವನು. ಮುದುಡಲಿಲ್ಲ. ನನ್ನನ್ನು ಗುರುತು ಹಿಡಿದ. ಸ್ವಲ್ಪ ನಕ್ಕ. ಬಲಗೈ ಮೇಲಕ್ಕೆ ಚಾಚಿದ.

ತುಳಿದೆ.

ಕಾಲು ತಾನಾಗಿ ಹೋಯಿತು ಎಂದು ಬರೆಯಬಹುದು. ಬರೆಯುವುದಿಲ್ಲ. ಕೈ ಕಂಡೆ, ಮಕ್ಬೂಲನ ಮಾತು ನೆನಪಾಯಿತು, ಆ ಕೈಯ ಮೇಲೆಯೇ ಕಾಲಿಟ್ಟೆ. ಬೂಟು ಇದ್ದರೂ ಎಲುಬು ಪುಡಿಯಾದದ್ದು ತಿಳಿಯಿತು. ನನ್ನ ಹಿಂದೆ ನಮ್ಮವರು ಅವನ ಎದೆಯ ಮೇಲಿಂದ ಹಾಯ್ದರು, ನಿನ್ನೆ ಕಲಿತ ಹಾಗೆ. ಚೆಂಡು ನಮಗೆ ಸಿಕ್ಕಿತು. ಓಡಿ ಗೆರೆ ದಾಟಿದವನೂ ನಾನೇ.

ಈ ಸಲವೂ ಸೀಟಿ ಊದಲಿಲ್ಲ.

ಜನ ನನ್ನನ್ನು ಹೊತ್ತರು. ಉಸ್ತಾದರು ಮೈದಾನದ ಅಂಚಿನಲ್ಲಿ ನಿಂತಿದ್ದರು. ಕೆಳಗಿಳಿದು ಕಾಲು ಮುಟ್ಟಲು ಹೋದೆ. ಹಿಂದೆ ಸರಿದರು. ನನ್ನ ಬೂಟು ನೋಡಿದರು, ಮುಖ ನೋಡಲಿಲ್ಲ. ಬೆತ್ತವನ್ನು ಅಲ್ಲೇ ಬಿಟ್ಟು ನಡೆದುಹೋದರು.

ವೀರಕೋಡಿಯನ್ನು ಅದೇ ಮೋಟಾರಿನಲ್ಲಿ ತಂದರು. ನಾನೂ ಬಂದೆ, ಅವನ ತಲೆ ತೊಡೆಯ ಮೇಲೆ ಇಟ್ಟುಕೊಂಡು. ದಾರಿಯುದ್ದಕ್ಕೂ ಬಾಯಿಂದ ರಕ್ತ. ನನ್ನನ್ನು ನೋಡುತ್ತಿದ್ದ. ಸಿಟ್ಟಿರಲಿಲ್ಲ ಆ ಕಣ್ಣಿನಲ್ಲಿ, ಏನೂ ಅರ್ಥವಾಗದವನ ಕಣ್ಣು. ಬೇರೆ ಜಾಗವಿಲ್ಲ, ಮಕ್ಬೂಲನ ಪಕ್ಕದ ಮಂಚದ ಮೇಲೆಯೇ ಮಲಗಿಸಿದ್ದಾರೆ. ನಡುವೆ ಪರದೆಯೂ ಇಲ್ಲ. ಡಾಕ್ಟರು ಎದೆಗೆ ಕಿವಿ ಇಟ್ಟು ನೋಡಿ, ಇಲ್ಲವೆಂಬಂತೆ ತಲೆಯಾಡಿಸಿದರು.

ಸರ್ವರಿ ಈಗ ನೀರಿಗೆ ಹೊರಗೆ ಬಂದಳು. ನನ್ನ ಹತ್ತಿರ ನಿಂತಳು.

“ಅಂವಾ ನನಗ ಕೇಳಾಕತ್ತಾನ, ಬಾಜೂಕ ಯಾರು ಅಂತ. ನಾ ಹೇಳಿಲ್ಲ, ಮಡೆಪ್ಪ ಭಾಯಿ. ನೀವೇ ಹೇಳ್ರಿ.”

ಇಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಬರೆಯುವಷ್ಟು ಹೊತ್ತು ಒಳಗೆ ಹೋಗಬೇಕಾಗಿಲ್ಲ.

ಮತ್ತೆ ಅವನ ದನಿ.

“ಮಡೆಪ್ಪಾ, ಹೊರಗ ನೀನೇ ಅಲ್ಲ? ಬೂಟು ಹಾಕಿದರೂ ನಿನ್ನ ಹೆಜ್ಜಿ ಸಪ್ಪಳ ಗುರ್ತು ಹಿಡದೆ. ಇಲ್ಲಿ ಬಾಜೂಕ ಯಾರನ್ನೋ ತಂದಾರ, ಭಾಳ ನರಳಾಕತ್ತಾನ. ನನಗ ಕುತ್ತಿಗಿ ತಿರಗಂಗಿಲ್ಲ. ಯಾರಂತ ನೋಡಿ ಹೇಳು. ಅವನ ಕೈ ಹಿಡಕೊಂಡು ಒಂದೀಟು ಕೂಡು, ಪಾಪ.”

ಹೋಗಬೇಕು. ಮೊದಲು ಬೂಟು ಬಿಚ್ಚಬೇಕು. ಗಂಟು ಒದ್ದೆಯಾಗಿ ಬಿಗಿದುಕೊಂಡಿದೆ, ಉಗುರಿಗೆ ಸಿಗುತ್ತಿಲ್ಲ. ಬಿಚ್ಚಿ, ಕಾಲು ತೊಳೆದು, ಒಳಗೆ ಹೋಗಿ ಅವನಿಗೆ —